ಬಂದ ಮಾತನ್ನು ಸೋಸುವ ಬಗೆ: ಚಾಟ್ ಲೈಬ್ರರಿಗಳ ಬೆಳವಣಿಗೆ

ಚಾಟ್ ಬಾಟ್ ಒಂದಕ್ಕೆ ಬರುವ ಸಂದೇಶಗಳಲ್ಲಿ ಬಹುಪಾಲು ಅದಕ್ಕೆ ಸಂಬಂಧಿಸಿದ್ದೇ ಅಲ್ಲ. ಗುಂಪಿನವರು ತಮ್ಮತಮ್ಮಲ್ಲಿ ಆಡುವ ಮಾತು, ಚಿತ್ರ, ಸೇರಿದವರ-ಬಿಟ್ಟವರ ಸೂಚನೆ, ಕೆಲವೊಮ್ಮೆ ಬಾಟ್ ತಾನೇ ಕಳುಹಿಸಿದ ಉತ್ತರ, ಎಲ್ಲವೂ ಒಂದೇ ಬಾಗಿಲಿಂದ ಒಳಬರುತ್ತವೆ. ಬೇಕಾದ್ದನ್ನು ಆರಿಸಿ ಸರಿಯಾದ ಫಂಕ್ಷನ್‌ಗೆ ಮುಟ್ಟಿಸುವ ಜರಡಿ ಎಲ್ಲಿರಬೇಕೆಂಬುದೇ ಈ ಕ್ಷೇತ್ರದ ಮುಖ್ಯ ಪ್ರಶ್ನೆ.

ಫಿನ್‌ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕಾರಿನೆನ್ 1988ರಲ್ಲಿ ರೂಪಿಸಿದ ಐಆರ್‌ಸಿ ಎಂಬ ಚಾಟ್ ವ್ಯವಸ್ಥೆಯಲ್ಲಿ ಸಂದೇಶವೆಂದರೆ ಒಂದು ಸಾಲು ಪಠ್ಯ. ಸಾಲಿನ ಕೊನೆಯ ಗುರುತೂ ಸೇರಿ 512 ಬೈಟ್ ಮಿತಿ. ಬಾಟ್ ಬರೆಯುವವರು ಆ ಸಾಲನ್ನು ತುಂಡರಿಸಿ, ಒಂದರ ಹಿಂದೊಂದು 'ಇಫ್' ಹಾಕಿ ಪರೀಕ್ಷಿಸಬೇಕಿತ್ತು. ಸೋಸುವ ನಿಯಮವೂ ಉತ್ತರಿಸುವ ಕೆಲಸವೂ ಒಂದೇ ಕಡೆ ಕಲಸಿಹೋಗುತ್ತಿದ್ದವು. ಐಆರ್‌ಸಿಯ ನಿಯಮಗಳನ್ನು ಬರೆದಿಟ್ಟ 1993ರ ದಾಖಲೆ ಆರ್‌ಎಫ್‌ಸಿ 1459 ಒಂದು ವಿವೇಕದ ಕಟ್ಟಳೆ ಹಾಕಿತು: 'ನೋಟಿಸ್' ಬಗೆಯ ಸಂದೇಶಕ್ಕೆ ಯಾವ ಪ್ರೋಗ್ರಾಮೂ ತಾನಾಗಿ ಉತ್ತರಿಸಕೂಡದು. ಇಲ್ಲವಾದರೆ ಎರಡು ಬಾಟ್‌ಗಳು ಒಂದಕ್ಕೊಂದು ಉತ್ತರ ಕೊಡುತ್ತಾ ಕೊನೆಯಿಲ್ಲದೆ ಸುತ್ತುತ್ತಿದ್ದವು. ಇಂದಿಗೂ ಡಿಸ್ಕಾರ್ಡ್ ಬಾಟ್ ಕಲಿಯುವವರು ಮೊದಲು ಬರೆಯುವ ಸಾಲು ಈ ಕಟ್ಟಳೆಯ ವಂಶದ್ದೇ: ಕಳುಹಿಸಿದವರು ನಾನೇ ಆಗಿದ್ದರೆ ಬಿಟ್ಟುಬಿಡು.

ಅದೇ 1993ರಲ್ಲಿ ರೋಬಿ ಪಾಯಿಂಟರ್ ಬರೆದ ಎಗ್‌ಡ್ರಾಪ್ ಎಂಬ ಐಆರ್‌ಸಿ ಬಾಟ್ ಜರಡಿಯನ್ನು ಕೆಲಸದಿಂದ ಬೇರ್ಪಡಿಸಿತು. ಅದರ 'ಬೈಂಡ್' ಆಜ್ಞೆಯಲ್ಲಿ ಸಂದೇಶದ ಬಗೆ, ಕಳುಹಿಸಿದವರಿಗೆ ಇರಬೇಕಾದ ಅಧಿಕಾರ, ಹೊಂದಬೇಕಾದ ಪದ, ಓಡಬೇಕಾದ ಟಿಸಿಎಲ್ ಪ್ರೊಸೀಜರ್ ಇಷ್ಟನ್ನೂ ಒಂದೇ ಸಾಲಿನಲ್ಲಿ ಹೇಳಬಹುದು. ನಂತರದ ಲೈಬ್ರರಿಗಳ ಮೂಲ ಕಲ್ಪನೆಯೆಲ್ಲ ಈ ಸಾಲಿನಲ್ಲಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಜಾಬರ್ ಎಂಬ ಚಾಟ್ ವ್ಯವಸ್ಥೆಗಾಗಿ ಬಂದ ಜಾವಾ ಲೈಬ್ರರಿ ಸ್ಮ್ಯಾಕ್, ಈ ಜರಡಿಯನ್ನು, ಅಂದರೆ ಫಿಲ್ಟರನ್ನು, ಸ್ವತಂತ್ರ ಆಬ್ಜೆಕ್ಟ್ ಮಾಡಿತು. ಗಿಟ್‌ಹಬ್ 2011ರಲ್ಲಿ ಹೊರಬಿಟ್ಟ ಹ್ಯೂಬಾಟ್ ಎಂಬ ಬಾಟ್ 'ಹಿಯರ್', 'ರೆಸ್ಪಾಂಡ್' ಎಂಬ ಎರಡೇ ಪದಗಳಲ್ಲಿ, ಕಿವಿಗೆ ಬಿದ್ದದ್ದು ಬೇರೆ, ತನ್ನನ್ನೇ ಕರೆದದ್ದು ಬೇರೆ ಎಂದು ವಿಂಗಡಿಸಿತು.

ಟೆಲಿಗ್ರಾಂ 2015ರಲ್ಲಿ ಬಾಟ್ ಎಪಿಐ ತೆರೆದ ಮೇಲೆ ಈ ವಿದ್ಯೆ ಹದಗೊಂಡಿತು. ಪೈಥಾನ್-ಟೆಲಿಗ್ರಾಂ-ಬಾಟ್ ಎಂಬ ಲೈಬ್ರರಿಯಲ್ಲಿ ಫಿಲ್ಟರ್‌ಗಳನ್ನು 'ಮತ್ತು', 'ಅಥವಾ', 'ಅಲ್ಲ' ಎಂಬ ಚಿಹ್ನೆಗಳಿಂದ ಹೆಣೆಯಬಹುದು: ಪಠ್ಯವಾಗಿರಬೇಕು, ಆದರೆ ಆಜ್ಞೆಯಾಗಿರಬಾರದು. ಸೋಸಿ ಬಂದ ಸಂದೇಶವನ್ನು ಫಂಕ್ಷನ್‌ಗೆ ಒಪ್ಪಿಸುವ ಹ್ಯಾಂಡ್ಲರ್‌ಗಳನ್ನು ಗುಂಪುಗಳಲ್ಲಿ ಜೋಡಿಸಿದರೆ, ಒಂದು ಗುಂಪಿನಲ್ಲಿ ಮೊದಲು ಹೊಂದಿದ್ದು ಮಾತ್ರ ಓಡುತ್ತದೆ. ಎಲ್ಲ ಪಠ್ಯವನ್ನೂ ಹಿಡಿಯುವ ಹ್ಯಾಂಡ್ಲರ್ ಮೇಲಿದ್ದರೆ ಕೆಳಗಿನ ಪಠ್ಯ ಹ್ಯಾಂಡ್ಲರ್‌ಗಳಿಗೆ ಸರದಿಯೇ ಬರುವುದಿಲ್ಲ. ಕಲಿಯುವವರು ಎಡವುವುದು ಇಲ್ಲಿಯೇ.

ಮುಂದಿನ ಹೆಜ್ಜೆಯಲ್ಲಿ ಜರಡಿ ಸರ್ವರ್‌ಗೆ ಸರಿಯಿತು. ಟೆಲಿಗ್ರಾಂ ಗುಂಪುಗಳಲ್ಲಿ ಪ್ರೈವಸಿ ಮೋಡ್ ಮೊದಲಿನಿಂದಲೇ ಚಾಲೂ ಇರುವುದರಿಂದ ಬಾಟ್‌ಗೆ ಎಲ್ಲ ಮಾತೂ ತಲುಪುವುದಿಲ್ಲ. ಡಿಸ್ಕಾರ್ಡ್ 2022ರಲ್ಲಿ, ದೊಡ್ಡ ಬಾಟ್‌ಗಳು ಸಂದೇಶದ ಒಕ್ಕಣೆ ಓದಲು ಅನುಮತಿ ಪಡೆಯಲೇಬೇಕೆಂದಿತು. ಅನೇಕ ಬಾಟ್‌ಗಳನ್ನು ಮತ್ತೆ ಬರೆಯಬೇಕಾಯಿತು. ಆದರೂ ಬಳಕೆದಾರರ ಖಾಸಗಿತನದ ದೃಷ್ಟಿಯಿಂದ ಇದೇ ಸರಿ.

ಕನ್ನಡದಲ್ಲಿ ಬಾಟ್ ಬರೆಯುವವರಿಗೆ ಇನ್ನೊಂದು ತೊಡಕಿದೆ. ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಪೈಥಾನಿನ 'ರಿ' ಮಾಡ್ಯೂಲಿನಲ್ಲಿ 'ಪದದ ಅಕ್ಷರ' ಎಂಬ ಸಂಕೇತ ನಮ್ಮ ಸ್ವರಚಿಹ್ನೆಗಳನ್ನೂ ಹಲಂತವನ್ನೂ ಅಕ್ಷರವೆಂದು ಎಣಿಸುವುದಿಲ್ಲ. 'ಕನ್ನಡ' ಎಂಬ ಪದ 'ಕನ', 'ನಡ' ಎಂದು ಒಡೆಯುತ್ತದೆ. 'ಮೈಸೂರು' ಎಂದರೆ ಉಳಿಯುವುದು 'ಮ', 'ಸ', 'ರ'. ಇಂಗ್ಲಿಷಿನಲ್ಲಿ ಸರಿಯಾಗಿ ಓಡಿದ ಫಿಲ್ಟರ್ ಇಲ್ಲಿ ಸದ್ದಿಲ್ಲದೆ ಸೋಲುತ್ತದೆ. ಜೊತೆಗೆ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹೋಲಿಕೆಗೆ ಬೇರೆ. ಆದ್ದರಿಂದ ಪಠ್ಯವನ್ನು ಮೊದಲು ಬಿಡಿ ಸಂಕೇತಗಳನ್ನು ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಕನ್ನಡದ ಇಡೀ ಸಂಕೇತ ವ್ಯಾಪ್ತಿಯನ್ನು ಹೆಸರಿಸಿಯೇ ಫಿಲ್ಟರ್ ಬರೆಯಬೇಕು.