ಚುಕ್ಕೆಯ ಹೊಣೆ ಯಾರದು?

ಬೆಟ್ಟದ ತುದಿಯಲ್ಲಿ ನಿಂತು ತೆಗೆದ ಚಿತ್ರ. ಮೇಲೆ ನಿರ್ಮಲವಾದ ನೀಲಿ ಆಕಾಶ. ಅದರ ಎಡಮೂಲೆಯಲ್ಲಿ ಒಂದು ಕಪ್ಪು ಚುಕ್ಕೆ. ಹದ್ದೋ ಗರುಡನೋ ಇದ್ದೀತೆಂದು ಸಮಾಧಾನ ಮಾಡಿಕೊಂಡು ಮುಂದಿನ ಚಿತ್ರವನ್ನು ನೋಡುತ್ತೀರಿ. ಅಲ್ಲಿಯೂ ಅದೇ ಮೂಲೆ, ಅದೇ ಚುಕ್ಕೆ. ಮಾರನೆಯ ವಾರ ಮಗುವಿನ ನಾಮಕರಣದಲ್ಲಿ ತೆಗೆದ ಚಿತ್ರದಲ್ಲಿ, ಮನೆಯ ಬಿಳಿಯ ಗೋಡೆಯ ಮೇಲೆ, ಅದೇ ಹದ್ದು ಕುಳಿತಿರುತ್ತದೆ. ಆಗ ತಿಳಿಯುತ್ತದೆ: ಈ ಪಕ್ಷಿ ಆಕಾಶದ್ದಲ್ಲ, ಕ್ಯಾಮೆರಾದ ಹೊಟ್ಟೆಯೊಳಗಿನದು.

ಲೆನ್ಸನ್ನು ಕಳಚಿ ಬದಲಿಸುವ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡವರಲ್ಲಿ ಈ ಅನುಭವವಿಲ್ಲದವರು ವಿರಳ. ಧೂಳಿನ ಕಣವೊಂದು, ಇಲ್ಲವೆ ಎಣ್ಣೆಯ ಸಣ್ಣ ಹನಿಯೊಂದು, ಬಿಂಬವನ್ನು ಹಿಡಿಯುವ ಸೆನ್ಸರಿನ ಮೇಲೆ ಬಂದು ಕುಳಿತಿರುತ್ತದೆ. ವಿಷಯ ಅತ್ಯಲ್ಪವೆಂದು ತೋರಬಹುದು. ಆದರೆ ಛಾಯಾಚಿತ್ರದ ಚರಿತ್ರೆಯನ್ನು ಈ ಚುಕ್ಕೆಯ ಕಡೆಯಿಂದ ಓದುತ್ತ ಹೋದರೆ ಒಂದು ದೊಡ್ಡ ಪ್ರಶ್ನೆ ಎದುರಾಗುತ್ತದೆ. ಚಿತ್ರ ಕೆಟ್ಟರೆ ಅದರ ಹೊಣೆ ಯಾರದು? ತೆಗೆದವನದೆ, ಯಂತ್ರವನ್ನು ಮಾಡಿ ಮಾರಿದವನದೆ? ಇದಕ್ಕೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿದೆ.

ಮೊದಮೊದಲು ಹೊಣೆಯೆಲ್ಲ ತೆಗೆದವನದೇ ಆಗಿತ್ತು. 1851ರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರ್ ಅವರು ಪ್ರಕಟಿಸಿದ ಕಲೋಡಿಯನ್ ವಿಧಾನದಲ್ಲಿ ಛಾಯಾಗ್ರಾಹಕನು ಗಾಜಿನ ಹಲಗೆಗೆ ಅಂಟಾದ ದ್ರವವನ್ನು ತಾನೇ ಸುರಿದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಚಿತ್ರ ತೆಗೆದು, ಆರುವ ಮೊದಲೇ ಅದನ್ನು ತೊಳೆದು ಮೂಡಿಸಿಕೊಳ್ಳಬೇಕಾಗಿತ್ತು. ಊರ ಹೊರಗೆ ಹೊರಟರೆ ಕತ್ತಲೆಯ ಡೇರೆಯೂ ಸೀಸೆಗಳೂ ಜೊತೆಗೆ ಹೊರಡಬೇಕು. ಹಸಿಯ ಅಂಟಿನ ಮೇಲೆ ಬಂದು ಕೂರಲು ಗಾಳಿಯ ಧೂಳಿಗೆ ಯಾರ ಅಪ್ಪಣೆಯೂ ಬೇಕಿರಲಿಲ್ಲ. ಕುಳಿತರೆ ದೂರುವುದಾದರೂ ಯಾರನ್ನು? ಹಲಗೆ ತನ್ನದು, ಅಂಟು ತನ್ನದು, ಕೈಯೂ ತನ್ನದೇ.

1871ರಲ್ಲಿ ರಿಚರ್ಡ್ ಲೀಚ್ ಮ್ಯಾಡಕ್ಸ್ ಎಂಬ ಇಂಗ್ಲಿಷ್ ವೈದ್ಯರು ಜೆಲಟಿನ್ ಬಳಸಿ ಒಣ ಹಲಗೆಯನ್ನು ಮಾಡುವ ದಾರಿ ತೋರಿಸಿದರು. ಕೆಲವೇ ವರ್ಷಗಳಲ್ಲಿ ಹಲಗೆಗಳು ಕಾರ್ಖಾನೆಯಿಂದ ಪೆಟ್ಟಿಗೆಗಳಲ್ಲಿ ಬರತೊಡಗಿದವು. ಅಲ್ಲಿಗೆ ಹೊಣೆಗೆ ಇನ್ನೊಬ್ಬ ಪಾಲುಗಾರ ಹುಟ್ಟಿದಂತಾಯಿತು. ಅಮೆರಿಕದ ರಾಚೆಸ್ಟರ್ ನಗರದಲ್ಲಿ ಹೀಗೆ ಹಲಗೆ ಮಾಡಿ ಮಾರುತ್ತಿದ್ದವರು ಜಾರ್ಜ್ ಈಸ್ಟ್‌ಮನ್. 1882ರಲ್ಲಿ ಅವರ ಹಲಗೆಗಳು ಕೆಟ್ಟಿವೆಯೆಂದು ದೂರುಗಳು ಬಂದವು. ಕಾರಣ ಅವರಿಗೂ ತಿಳಿಯದು. ಆದರೂ ಅವರು ಬಳಸಿದವನ ಕೈಯನ್ನು ದೂರಲಿಲ್ಲ. ಕೆಟ್ಟ ಹಲಗೆಗಳನ್ನು ಹಿಂದಕ್ಕೆ ತರಿಸಿಕೊಂಡು ತಮ್ಮ ಖರ್ಚಿನಲ್ಲಿಯೇ ಬದಲಿ ಕೊಟ್ಟರು. ಇನ್ನೂ ಎಳೆಯದಾಗಿದ್ದ ಕಂಪನಿ ಇದರಿಂದ ದಿವಾಳಿಯ ಅಂಚಿಗೆ ಬಂತು. ದೋಷ ಹೊರಗಿನಿಂದ ಕೊಂಡ ಜೆಲಟಿನ್ನಿನಲ್ಲಿತ್ತು ಎಂಬುದು ಆಮೇಲೆ ಗೊತ್ತಾಯಿತು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ನೂರಮೂವತ್ತು ವರ್ಷಗಳ ಅನಂತರ ಇದರ ಜೊತೆಗಿಟ್ಟು ನೋಡಬೇಕಾದ ಇನ್ನೊಂದು ಸಂಗತಿ ನಡೆಯಲಿದೆ.

1888ರಲ್ಲಿ ಅದೇ ಈಸ್ಟ್‌ಮನ್ನರು ಕೊಡಕ್ ಕ್ಯಾಮೆರಾವನ್ನು ಹೊರತಂದರು. ನೂರು ಚಿತ್ರಗಳ ಸುರುಳಿ ಒಳಗೇ ಇರುತ್ತಿತ್ತು. ಎಲ್ಲ ಮುಗಿದ ಮೇಲೆ ಕ್ಯಾಮೆರಾವನ್ನೇ ಕಾರ್ಖಾನೆಗೆ ಕಳುಹಿಸಿದರಾಯಿತು; ಚಿತ್ರಗಳೂ, ಹೊಸ ಸುರುಳಿ ತುಂಬಿದ ಕ್ಯಾಮೆರಾವೂ ಮರಳಿ ಬರುತ್ತಿದ್ದವು. ಮುಂದೆ ಜನ ತಾವೇ ಸುರುಳಿ ತುಂಬುವುದನ್ನು ಕಲಿತರು. ಈ ಫಿಲ್ಮಿನಲ್ಲಿ ಒಂದು ದೊಡ್ಡ ಗುಣವಿತ್ತು. ಪ್ರತಿ ಚಿತ್ರಕ್ಕೂ ಅದು ಹೊಸ ಹಾಳೆ. ಇಂದು ಅದರ ಮೇಲೆ ಕುಳಿತ ಧೂಳು ಸಾಮಾನ್ಯವಾಗಿ ಆ ಹಾಳೆಯ ಜೊತೆಗೇ ಮುಂದಕ್ಕೆ ಸುತ್ತಿಹೋಗುತ್ತಿತ್ತು. ಮುದ್ರಿಸುವಾಗ ನೆಗೆಟಿವ್ ಮೇಲೆ ಧೂಳು ಬಿದ್ದರೆ ಚಿತ್ರದಲ್ಲಿ ಬಿಳಿಯ ಚುಕ್ಕೆ ಕಾಣುತ್ತಿತ್ತು. ಸ್ಟುಡಿಯೋದವರು ಸಣ್ಣ ಕುಂಚದಿಂದ ಬಣ್ಣ ಮುಟ್ಟಿಸಿ ಅದನ್ನು ಮುಚ್ಚುತ್ತಿದ್ದರು. ಗಿರಾಕಿಗೆ ಸುದ್ದಿಯೇ ತಿಳಿಯುತ್ತಿರಲಿಲ್ಲ.

ಈ ಏರ್ಪಾಟನ್ನು ತಲೆಕೆಳಗು ಮಾಡಿದ್ದು ಸಿಲಿಕಾನ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಅವರು ಸಿಸಿಡಿ ಎಂಬ ಸಾಧನವನ್ನು ಕಲ್ಪಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಬಹುಮಾನದ ಪಾಲು ಬಂತು. 1975ರಲ್ಲಿ ಕೊಡಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅವರು ಅಂಥ ಸಾಧನವನ್ನು ಬಳಸಿ ಕ್ಯಾಮೆರಾ ಕಟ್ಟಿದರು. ಚಿತ್ರವೊಂದು ಕ್ಯಾಸೆಟ್ಟಿನಲ್ಲಿ ದಾಖಲಾಗಲು 23 ಸೆಕೆಂಡು ಹಿಡಿಯುತ್ತಿತ್ತು. 1999ರಲ್ಲಿ ಬಂದ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರ ಕೈಸೇರಿತು. 2003ರಿಂದೀಚೆಗೆ ಅಗ್ಗದ ಮಾದರಿಗಳು ಬಂದು ಹವ್ಯಾಸಿಗಳೂ ಫಿಲ್ಮನ್ನು ಬಿಟ್ಟರು. ಈಗ ಹಾಳೆ ಒಂದೇ. ಸಾವಿರ ಚಿತ್ರಗಳಿಗೂ, ಲಕ್ಷ ಚಿತ್ರಗಳಿಗೂ ಅದೇ ಹಾಳೆ. ಅದರ ಮೇಲೆ ಒಮ್ಮೆ ಬಿದ್ದ ಕಲೆ, ಒರೆಸುವ ತನಕ, ಎಲ್ಲ ಚಿತ್ರಗಳ ಕಲೆ.

ವಾಸ್ತವವಾಗಿ ಧೂಳು ಕೂರುವುದು ಸೆನ್ಸರಿನ ಮೇಲಲ್ಲ, ಅದರ ಮುಂದಿರುವ ತೆಳುವಾದ ಗಾಜಿನ ಮೇಲೆ. ನಮಗೆ ಕಾಣುವುದು ಅದರ ನೆರಳು. ಸಣ್ಣ ಗವಾಕ್ಷಿಯಿಂದ ಬಂದ ಬಿಸಿಲಿನಲ್ಲಿ ಬೆರಳಿನ ನೆರಳು ಗೋಡೆಯ ಮೇಲೆ ಗೆರೆ ಕೊರೆದಂತೆ ಬೀಳುತ್ತದೆ. ಮೋಡ ಮುಸುಕಿದ ದಿನ ಅಂಗಳದಲ್ಲಿ ಅದೇ ನೆರಳು ಕರಗಿಹೋಗುತ್ತದೆ. ಲೆನ್ಸಿನ ದ್ವಾರವನ್ನು ಎಫ್ 22ಕ್ಕೆ ಕಿರಿದು ಮಾಡಿದಾಗ ಚುಕ್ಕೆ ಎದ್ದು ಕಾಣುವುದಕ್ಕೂ, ಎಫ್ 2.8ಕ್ಕೆ ಅಗಲಿಸಿದಾಗ ಮಾಯವಾಗುವುದಕ್ಕೂ ಇದೇ ಕಾರಣ.

ತಯಾರಕರು ಸುಮ್ಮನೆ ಕೂರಲಿಲ್ಲ. 2003ರಲ್ಲಿ ಒಲಿಂಪಸ್ ಕಂಪನಿ ತನ್ನ ಇ-1 ಕ್ಯಾಮೆರಾದಲ್ಲಿ ಸೆನ್ಸರಿನ ಮುಂದಿನ ಗಾಜನ್ನು ಕಿವಿಗೆ ಕೇಳಿಸದಷ್ಟು ವೇಗವಾಗಿ ಕಂಪಿಸಿ ಧೂಳನ್ನು ಉದುರಿಸುವ ಉಪಾಯ ಮಾಡಿತು. ಉದುರಿದ್ದನ್ನು ಹಿಡಿಯಲು ಕೆಳಗೆ ಅಂಟುಪಟ್ಟಿ. 2006ರ ಹೊತ್ತಿಗೆ ಕ್ಯಾನನ್, ಸೋನಿ ಮುಂತಾದವರೂ ತಮ್ಮ ತಮ್ಮ ಉಪಾಯಗಳನ್ನು ತಂದರು. ಒಣ ಧೂಳಿಗೆ ಇದು ಸಾಕು. ಜಿಡ್ಡಿಗೆ ನಡುಕವೇನು ಮಾಡೀತು?

ಅದೇ 2006ರಲ್ಲಿ ಚುಕ್ಕೆ ಇನ್ನೊಂದು ರೀತಿಯಲ್ಲಿ ಸುದ್ದಿಗೆ ಬಂತು. ಲೆಬನಾನಿನ ಯುದ್ಧದಲ್ಲಿ ಬಾಂಬು ಬಿದ್ದ ಬೈರೂತ್ ನಗರದ ಚಿತ್ರವೊಂದರಲ್ಲಿ ಹೊಗೆಯನ್ನು ಕೈಯಾರೆ ಹೆಚ್ಚಿಸಲಾಗಿದೆಯೆಂದು ಓದುಗರು ಕಂಡುಹಿಡಿದರು. ರಾಯ್ಟರ್ಸ್ ಸುದ್ದಿಸಂಸ್ಥೆಗೆ ಅದನ್ನು ಕಳುಹಿಸಿದ್ದ ಛಾಯಾಗ್ರಾಹಕನು ಕೊಟ್ಟ ಸಮಜಾಯಿಷಿ, ತಾನು ಧೂಳಿನ ಗುರುತುಗಳನ್ನು ಅಳಿಸಲು ಹೋಗಿ ತಪ್ಪಿದೆನೆಂಬುದು. ಸಂಸ್ಥೆ ಅದನ್ನು ಒಪ್ಪದೆ ಆತನ 920 ಚಿತ್ರಗಳನ್ನೂ ತನ್ನ ಭಂಡಾರದಿಂದ ತೆಗೆದುಹಾಕಿತು. ಸುದ್ದಿಚಿತ್ರದಲ್ಲಿ ಏನನ್ನೂ ಅಳಿಸಬಾರದೆಂಬ ಕಟ್ಟುನಿಟ್ಟಿನ ನಡುವೆಯೂ ಅಸೋಸಿಯೇಟೆಡ್ ಪ್ರೆಸ್‌ನಂಥ ಸಂಸ್ಥೆಗಳು ಸೆನ್ಸರಿನ ಧೂಳಿಗೆ ವಿನಾಯಿತಿ ಕೊಟ್ಟಿವೆ; ಏಕೆಂದರೆ ಆ ಚುಕ್ಕೆ ಲೋಕದಲ್ಲಿ ಇದ್ದದ್ದಲ್ಲ. ಆ ವಿನಾಯಿತಿಯ ಮರೆಯಲ್ಲಿ ಹೊಗೆಯನ್ನು ಅಡಗಿಸಲಾಗುವುದಿಲ್ಲವೆಂಬುದು ಅಂದು ಸಿದ್ಧವಾಯಿತು.

ಈಗ ಆಗಲೇ ಹೇಳಿದ ಆ ಇನ್ನೊಂದು ಸಂಗತಿ. 2012ರ ಸೆಪ್ಟೆಂಬರಿನಲ್ಲಿ ನಿಕಾನ್ ಕಂಪನಿ ಡಿ600 ಎಂಬ ಕ್ಯಾಮೆರಾವನ್ನು ಪ್ರಕಟಿಸಿತು. ಫಿಲ್ಮಿನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರು, ಎರಡು ಕೋಟಿ ನಲವತ್ತು ಲಕ್ಷ ಬಿಂದುಗಳು, ಅಮೆರಿಕದಲ್ಲಿ ಲೆನ್ಸಿಲ್ಲದೆ ಸುಮಾರು 2,100 ಡಾಲರ್ ಬೆಲೆ. ಉಳಿತಾಯದ ಹಣವನ್ನು ಕೂಡಿಸಿ ಕೊಂಡ ಹವ್ಯಾಸಿಗಳು ಬಹಳ. ಕೆಲವೇ ವಾರಗಳಲ್ಲಿ ದೂರು ಎದ್ದಿತು: ಚಿತ್ರದ ಎಡ ಮೇಲ್ಮೂಲೆಯಲ್ಲಿ ಚುಕ್ಕೆಗಳ ಹಿಂಡು. ಲೆನ್ಸು ಬದಲಿಸುವಾಗ ಧೂಳು ಬೀಳುವುದು ಸಹಜವೇ ಎಂದು ಯಾರಾದರೂ ಹೇಳಬಹುದಿತ್ತು. ಅದಕ್ಕೆ ಮಾಲೀಕರು ಉತ್ತರ ಕೊಟ್ಟದ್ದು ಚಿತ್ರಗಳಿಂದಲೇ. ಲೆನ್ಸನ್ನು ಒಮ್ಮೆಯೂ ಕಳಚದೆ ನೂರಾರು ಚಿತ್ರಗಳನ್ನು ತೆಗೆದು, ಸಾಲಾಗಿ ಜೋಡಿಸಿ, ಚುಕ್ಕೆಗಳು ಒಂದೊಂದಾಗಿ ಹುಟ್ಟುವುದನ್ನು ತೋರಿಸಿದರು. ಕ್ಯಾಮೆರಾಗಳನ್ನು ಬಾಡಿಗೆಗೆ ಕೊಡುವ ಅಮೆರಿಕದ ಸಂಸ್ಥೆಯೊಂದು ತನ್ನಲ್ಲಿದ್ದ ಹಲವು ಡಿ600ಗಳ ಕಲೆಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡಿತು. ಎಲ್ಲವುಗಳಲ್ಲಿಯೂ ಅದೇ ಮೂಲೆ. ಗಾಳಿಯ ಧೂಳಿಗೆ ಮೂಲೆಯ ಮೇಲೆ ಇಷ್ಟು ಪ್ರೀತಿ ಇರಲಾರದು. ಕೆಲವು ಚುಕ್ಕೆಗಳು ಊದಿದರೆ ಹೋಗದೆ ಜಿಡ್ಡಿನಂತೆ ಅಂಟಿಕೊಂಡಿದ್ದವು. ಸೆನ್ಸರಿನ ಮುಂದೆ ತೆರೆದು ಮುಚ್ಚುವ ಷಟರು ಕಣಗಳನ್ನೂ ಎಣ್ಣೆಯನ್ನೂ ಸಿಡಿಸುತ್ತಿದೆಯೆಂದು ಮಾಲೀಕರು ತೀರ್ಮಾನಿಸಿದರು.

2013ರ ಫೆಬ್ರವರಿಯಲ್ಲಿ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಒಳಗೆ ಹುಟ್ಟಿದ ಧೂಳಾಗಲಿ ಹೊರಗಿನ ಧೂಳಾಗಲಿ ಗಾಜಿಗೆ ಅಂಟಿ ಕಪ್ಪು ಚುಕ್ಕೆಗಳು ಕಾಣಬಹುದು. ಮೊದಲು ಕೈಪಿಡಿಯಂತೆ ಊದಿ ನೋಡಿ, ಹೋಗದಿದ್ದರೆ ದುರಸ್ತಿ ಕೇಂದ್ರಕ್ಕೆ ತನ್ನಿ ಎಂಬುದು ಅದರ ಸಾರಾಂಶ. ಎಣ್ಣೆಯ ಮಾತಿಲ್ಲ. ಅದೇ ಅಕ್ಟೋಬರಿನಲ್ಲಿ, ಹೊಸ ಷಟರಿನೊಡನೆ, ಡಿ610 ಮಾರುಕಟ್ಟೆಗೆ ಬಂತು. ಹಳೆಯದನ್ನು ಕೊಂಡವರಿಗೆ ಇದು ಗಾಯದ ಮೇಲೆ ಬರೆ ಎಳೆದಂತೆ. ಖಾತರಿಯ ಅವಧಿ ಮುಗಿದಿದ್ದರೂ ತಪಾಸಣೆ, ಶುಚಿ, ಷಟರಿನ ಬದಲಾವಣೆಗಳನ್ನು ಪುಕ್ಕಟೆಯಾಗಿ ಮಾಡಿಕೊಡುವೆವೆಂದು ಕಂಪನಿ ಹೇಳಿದ್ದು 2014ರ ಫೆಬ್ರವರಿಯಲ್ಲಿ. ಮಾರ್ಚಿ 15ರ ಗ್ರಾಹಕರ ದಿನದಂದು ಚೀನದ ಸರ್ಕಾರಿ ಟೆಲಿವಿಷನ್ ಈ ದೂರನ್ನು ದೇಶಕ್ಕೆಲ್ಲ ತೋರಿಸಿತು. ಶಾಂಘಾಯಿಯ ಅಧಿಕಾರಿಗಳು ಡಿ600ರ ಮಾರಾಟವನ್ನೇ ನಿಲ್ಲಿಸಹೇಳಿದರು. ಅನಂತರವೇ, ಪದೇ ಪದೇ ಸರಿಮಾಡಿದರೂ ಕಲೆ ಹೋಗದಿದ್ದರೆ ಕ್ಯಾಮೆರಾವನ್ನೇ ಬದಲಿಸಿಕೊಡುವ ಮಾತು ಬಂದದ್ದು.

ಈಸ್ಟ್‌ಮನ್ನರು ಕಾರಣ ತಿಳಿಯುವ ಮೊದಲೇ ಹೊಣೆ ಹೊತ್ತರು. ಇಲ್ಲಿ ಹೊಣೆ ಮೆಟ್ಟಿಲು ಮೆಟ್ಟಿಲಾಗಿ, ಹದಿನೆಂಟು ತಿಂಗಳಲ್ಲಿ, ಜಗ್ಗಿದಷ್ಟೇ ಬಂತು. ಆದರೂ ಬಂತು ಎಂಬುದನ್ನು ಮರೆಯಬಾರದು. ಬಂದದ್ದಕ್ಕೆ ಕಾರಣ, ಒಂಟಿ ಗಿರಾಕಿಯ ಮಾತನ್ನು ತಳ್ಳಿಹಾಕಬಹುದು, ಸಾವಿರ ಗಿರಾಕಿಗಳ ಒಂದೇ ಮೂಲೆಯನ್ನು ತಳ್ಳಿಹಾಕಲಾಗುವುದಿಲ್ಲ ಎಂಬುದು. ಎಲ್ಲ ಚಿತ್ರಗಳನ್ನೂ ಕೆಡಿಸುವ ಆ ಒಂದೇ ಹಾಳೆಯ ದೋಷವೇ ಕೊನೆಗೆ ಗ್ರಾಹಕನ ಸಾಕ್ಷಿಯಾಯಿತು.

ಇಷ್ಟು ಹೇಳಿದ ಮೇಲೆ ನಮ್ಮ ಪಾಲಿನ ಹೊಣೆಯೂ ಉಂಟು. ಚುಕ್ಕೆಯ ಗುಮಾನಿ ಬಂದರೆ ದ್ವಾರವನ್ನು ಎಫ್ 22ಕ್ಕೆ ಇಟ್ಟು ಬಿಳಿಯ ಕಾಗದದ್ದೋ ಬರಿಯ ಆಕಾಶದ್ದೋ ಒಂದು ಚಿತ್ರ ತೆಗೆಯಿರಿ. ಬಿಂಬ ಒಳಗೆ ತಲೆಕೆಳಗಾಗಿ ಬೀಳುವುದರಿಂದ, ಚಿತ್ರದ ಮೇಲ್ಭಾಗದ ಕಲೆ ಸೆನ್ಸರಿನ ಕೆಳಭಾಗದಲ್ಲಿರುತ್ತದೆ. ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಶುಚಿ ಮಾಡುವ ಕ್ರಮದಲ್ಲಿ ಕನ್ನಡಿಯನ್ನು ಮೇಲೆತ್ತಿ, ಕ್ಯಾಮೆರಾದ ಬಾಯನ್ನು ನೆಲದ ಕಡೆಗೆ ಹಿಡಿದು, ರಬ್ಬರಿನ ಬ್ಲೋವರಿನಿಂದ ಗಾಳಿ ಹಾಕಿ. ಬಾಯಿಂದ ಊದಬೇಡಿ; ಎಂಜಲಿನ ಹನಿ ಧೂಳಿಗಿಂತ ಕೆಟ್ಟದ್ದು. ಡಬ್ಬಿಯಲ್ಲಿ ಒತ್ತಿ ತುಂಬಿದ ಗಾಳಿಯೂ ಬೇಡ; ಅದರೊಳಗಿನ ದ್ರವ ಸಿಡಿದು ಗಾಜಿಗೆ ಅಂಟೀತು. ಎಣ್ಣೆಯ ಕಲೆ ಊದಿದರೆ ಹೋಗದು. ಅದಕ್ಕೆಂದೇ ಮಾಡಿದ ದ್ರವವನ್ನು, ಸೆನ್ಸರಿನ ಅಗಲದ ಮೆತ್ತನೆಯ ಒರೆಸುಪಟ್ಟಿಗೆ ಒಂದೆರಡು ಹನಿ ಹಾಕಿ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಮ್ಮೆ ಮಾತ್ರ ಎಳೆಯಬೇಕು. ಕೈ ನಡುಗುವವರು ಬಲ್ಲವರಿಗೆ ಕೊಡುವುದೇ ಮೇಲು.

ಮತ್ತೆ ಅದೇ ಮೂಲೆಯಲ್ಲಿ ಆ ಹದ್ದು ಬಂದು ಕುಳಿತರೆ ಏನು ಮಾಡುವುದು? ಮೊದಲು ಲೆನ್ಸು ಬದಲಿಸಿದ ನಮ್ಮ ಕೈಯನ್ನೇ ವಿಚಾರಿಸೋಣ. ಕೈ ನಿರಪರಾಧಿಯೆಂದು ಕಂಡರೆ, ಚಿತ್ರಗಳನ್ನು ಅಳಿಸದೆ, ತಾರೀಖಿನ ಸಹಿತ ಜೋಪಾನವಾಗಿ ಎತ್ತಿಡೋಣ. ಕೇಳುವ ದಿನ ಬಂದಾಗ ಅವು ನಮ್ಮ ಪರವಾಗಿ ಮಾತಾಡುತ್ತವೆ.