ಹಳೆಯ ಕಾರಿನಿಂದ ಹೊಸ ವಾಹನ: ಕೊಳ್ಳುವ ಮುನ್ನ ತಿಳಿದಿರಲಿ

ಅಗ್ಗದ ಹಳೆಯ ಕಾರು ಕೊಂಡು, ಅದರ ಎಂಜಿನ್ ಹಾಗೂ ಗೇರ್‌ಬಾಕ್ಸ್ ಬಳಸಿ ಮನೆಯಲ್ಲೇ ಬೇರೊಂದು ವಾಹನ ಕಟ್ಟುವ ಹವ್ಯಾಸಕ್ಕೆ ಮಾರುತಿ 800 ಒದಗಿಬರುತ್ತದೆ. 1983ರಿಂದ 2014ರವರೆಗೆ ತಯಾರಾದ ಈ ಕಾರಿನದು 796 ಸಿಸಿಯ, ಮೂರು ಸಿಲಿಂಡರ್‌ಗಳ ಎಂಜಿನ್. ಕೊಯಮತ್ತೂರಿನ ಎಸ್. ಕರಿವರ್ಧನ್ ರೂಪಿಸಿದ ಫಾರ್ಮುಲಾ ಮಾರುತಿ ರೇಸ್ ಕಾರುಗಳಿಗೂ ಇದೇ ಆಧಾರವಾಗಿತ್ತು.

ಆದರೆ ಅವು ಓಡಿದ್ದು ರೇಸ್ ಪಥದಲ್ಲಿ. ಸಾರ್ವಜನಿಕ ರಸ್ತೆಯ ನಿಯಮವೇ ಬೇರೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಆದ್ದರಿಂದ ಹಳೆಯ ನಂಬರಿನಡಿ ಹೊಸ ಒಡಲು ಕೂರಿಸಿ ಕಲಬುರಗಿಯ ಸೂಪರ್ ಮಾರ್ಕೆಟ್‌ನಿಂದ ಕಮಲಾಪುರಕ್ಕೆ ಹೊರಟರೂ ಅದು ಕಾನೂನುಬಾಹಿರ. ಇಂಥ ವಾಹನ ಖಾಸಗಿ ಆವರಣಕ್ಕಷ್ಟೇ ಸೀಮಿತ.

ಕೊಳ್ಳುವಾಗ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಆರ್‌ಸಿಯೊಂದಿಗೆ ತಾಳೆ ನೋಡಬೇಕು. ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30, ಆರ್‌ಸಿಯಲ್ಲಿ ಸಾಲದ ನಮೂದಿದ್ದರೆ ಅದನ್ನು ತೆಗೆಸಲು ನಮೂನೆ 35, ಗಡಿಯಾಚೆಯ ಮಹಾರಾಷ್ಟ್ರ ಅಥವಾ ತೆಲಂಗಾಣದ ಕಾರಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರ ಅಗತ್ಯ. ಕಾರನ್ನು ಪೂರ್ಣವಾಗಿ ಬಿಚ್ಚಿದ ಬಳಿಕ 55ನೇ ಕಲಂನಂತೆ ನೋಂದಣಿ ರದ್ದುಪಡಿಸಿಕೊಳ್ಳಬೇಕು. ಇಲ್ಲವಾದರೆ ಆ ನಂಬರು ದುರ್ಬಳಕೆಯಾದಾಗ ವಿಚಾರಣೆ ಎದುರಿಸಬೇಕಾದವರು ದಾಖಲೆಯಲ್ಲಿರುವ ಮಾಲೀಕರೇ.