ಮೆದುಳಿನ ರಕ್ತಪ್ರವಾಹವನ್ನು ಅಳೆದ ಬಗೆ

ಪಾರ್ಶ್ವವಾಯು ಬಡಿದ ಮೆದುಳಿನಲ್ಲಿ ಯಾವ ಭಾಗ ಸತ್ತಿದೆ, ಯಾವ ಭಾಗ ರಕ್ತ ಸಾಲದೆ ಕೆಲಸ ನಿಲ್ಲಿಸಿಯೂ ಜೀವ ಹಿಡಿದಿದೆ ಎಂಬುದನ್ನು ರೋಗಿ ಬದುಕಿರುವಾಗಲೇ ತಿಳಿಯುವ ದಾರಿ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೂ ವೈದ್ಯರಿಗೆ ಇರಲಿಲ್ಲ. ಮನುಷ್ಯನ ಮೆದುಳಿನ ರಕ್ತಪ್ರವಾಹವನ್ನು ನಂಬಬಹುದಾದ ಅಂಕಿಯಲ್ಲಿ ಹೇಳಿದವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸೇಮೂರ್ ಕೆಟಿ ಮತ್ತು ಕಾರ್ಲ್ ಶ್ಮಿಟ್. 1940ರ ದಶಕದಲ್ಲಿ ಅವರು ರೂಪಿಸಿದ ವಿಧಾನದಲ್ಲಿ ವ್ಯಕ್ತಿಗೆ ಹತ್ತು ನಿಮಿಷ ನೈಟ್ರಸ್ ಆಕ್ಸೈಡ್, ಅಂದರೆ ನಗೆ ಅನಿಲ ಬೆರೆತ ಗಾಳಿಯನ್ನು ಉಸಿರಾಡಿಸಿ, ಅಪಧಮನಿಯಿಂದಲೂ ತಲೆಬುರುಡೆಯ ಬುಡದಲ್ಲಿ ಕತ್ತಿನ ಅಭಿಧಮನಿಗೆ ಚುಚ್ಚಿದ ಸೂಜಿಯಿಂದಲೂ ಮತ್ತೆ ಮತ್ತೆ ರಕ್ತ ತೆಗೆದು, ಒಳಹೋದ ಮತ್ತು ಹೊರಬಂದ ಅನಿಲದ ವ್ಯತ್ಯಾಸದಿಂದ ಪ್ರವಾಹವನ್ನು ಲೆಕ್ಕ ಹಾಕಲಾಗುತ್ತಿತ್ತು. ಆರೋಗ್ಯವಂತರಲ್ಲಿ ಅದು 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್. ಆದರೆ ಇದು ಇಡೀ ಮೆದುಳಿನ ಸರಾಸರಿ; ಒಂದು ರಕ್ತನಾಳದ ಹರವಿಗೆ ಮಾತ್ರ ಬಿದ್ದ ಬರ ಆ ಸರಾಸರಿಯೊಳಗೆ ಅಡಗಿಹೋಗುತ್ತಿತ್ತು.

ಡೆನ್ಮಾರ್ಕಿನ ನೀಲ್ಸ್ ಲಾಸೆನ್ ಮತ್ತು ಸ್ವೀಡನ್ನಿನ ಡೇವಿಡ್ ಇಂಗ್ವಾರ್ ವಿಕಿರಣಶೀಲ ಅನಿಲವನ್ನು ಕತ್ತಿನ ಅಪಧಮನಿಗೆ ಸೇರಿಸಿ, ತಲೆಯ ಪಕ್ಕದಲ್ಲಿ ಜೋಡಿಸಿದ ಶೋಧಕಗಳಿಂದ ಭಾಗಭಾಗದ ಪ್ರವಾಹವನ್ನು ಬೇರೆಬೇರೆಯಾಗಿ ಓದಿದಾಗ ಈ ಕೊರತೆ ನೀಗತೊಡಗಿತು. ಅದಕ್ಕಿಂತಲೂ ಮಹತ್ವದ ತಿಳಿವಳಿಕೆ ಬಂದದ್ದು 1970ರ ದಶಕದ ಪ್ರಾಣಿಪ್ರಯೋಗಗಳಿಂದ. ಪ್ರವಾಹ ಸುಮಾರು 15ರಿಂದ 20 ಮಿಲಿಲೀಟರಿಗೆ ಇಳಿದಾಗ ನರಕೋಶಗಳ ವಿದ್ಯುತ್ ಚಟುವಟಿಕೆ ನಿಂತರೂ, ಕೋಶಪೊರೆಯ ಹಿಡಿತ ತಪ್ಪಿ ಪೊಟ್ಯಾಸಿಯಂ ಹೊರಚೆಲ್ಲುವುದು ಇನ್ನೂ ಕೆಳಗಿನ, ಸುಮಾರು 10ಕ್ಕಿಂತ ಕಡಿಮೆಯ ಮಟ್ಟದಲ್ಲಿ ಎಂಬುದು ಗೊತ್ತಾಯಿತು. ಈ ಎರಡು ಮಟ್ಟಗಳ ನಡುವೆ ಸಿಲುಕಿ, ರಕ್ತ ಮರಳಿದರೆ ಚೇತರಿಸಿಕೊಳ್ಳಬಲ್ಲ ಅಂಗಾಂಶವನ್ನು ಆಸ್ಟ್ರಪ್, ಸೀಶೋ ಮತ್ತು ಸೈಮನ್ 1981ರ ಪ್ರಬಂಧದಲ್ಲಿ ಪೆನಂಬ್ರಾ, ಎಂದರೆ ಅರೆನೆರಳು, ಎಂಬ ಹೆಸರಿನಲ್ಲಿ ವಿವರಿಸಿದರು. ಚಿಕಿತ್ಸೆಗೆ ಅವಕಾಶವಿದೆ ಎಂಬ ಭರವಸೆಗೆ ಶರೀರಶಾಸ್ತ್ರದ ಆಧಾರ ದೊರೆತದ್ದು ಇಲ್ಲಿಯೇ.

1971ರಲ್ಲಿ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರ ಲಂಡನ್ನಿನಲ್ಲಿ ಮೊದಲ ರೋಗಿಯ ಮೆದುಳನ್ನು ತೋರಿಸಿತ್ತು. 1980ರಲ್ಲಿ ಲಿಯಾನ್ ಆಕ್ಸೆಲ್ ಅದೇ ಯಂತ್ರದಿಂದ ರಕ್ತಪ್ರವಾಹವನ್ನೂ ಅಳೆಯಬಹುದೆಂದು ಸೂಚಿಸಿದರು. ಇಂದಿನ ಪರ್ಫ್ಯೂಷನ್ ಸಿ.ಟಿ.ಯಲ್ಲಿ ಅಯೋಡಿನ್‌ಯುಕ್ತ ದ್ರವವನ್ನು ತೋಳಿನ ರಕ್ತನಾಳಕ್ಕೆ ಚುಚ್ಚಿ, ಒಂದೆರಡು ಸೆಕೆಂಡಿಗೊಮ್ಮೆ ಅದೇ ಭಾಗದ ಚಿತ್ರ ತೆಗೆದು, ಪ್ರತಿ ಬಿಂದುವಿನಲ್ಲಿ ದ್ರವ ಏರಿ ಇಳಿಯುವ ರೇಖೆಯಿಂದ ಪ್ರವಾಹವನ್ನೂ ವಿಳಂಬವನ್ನೂ ಗಣಕ ಲೆಕ್ಕ ಹಾಕಿ ಬಣ್ಣದ ನಕ್ಷೆಯಾಗಿ ತೋರಿಸುತ್ತದೆ. ಪ್ರವಾಹ ಸಹಜದ 30 ಪ್ರತಿಶತಕ್ಕಿಂತ ಕೆಳಗಿಳಿದ ಭಾಗವನ್ನು ಸತ್ತ ತಿರುಳೆಂದೂ, ವಿಳಂಬ 6 ಸೆಕೆಂಡು ಮೀರಿದ ಉಳಿದ ಹರವನ್ನು ಉಳಿಸಬಹುದಾದುದೆಂದೂ ಬಹುತೇಕ ಕಡೆ ಎಣಿಸಲಾಗುತ್ತದೆ.

1995ರ ಅಮೆರಿಕನ್ ಅಧ್ಯಯನವು ಹೆಪ್ಪು ಕರಗಿಸುವ ಔಷಧಿಗೆ ಮೂರು ಗಂಟೆಗಳ ಗಡುವು ಹಾಕಿದ್ದರಿಂದ, ನಿದ್ದೆಯಲ್ಲೇ ಪಾರ್ಶ್ವವಾಯುವಿಗೆ ತುತ್ತಾಗಿ ಬೆಳಿಗ್ಗೆ ಎದ್ದವರಿಗೆ ಅದು ದಕ್ಕುತ್ತಲೇ ಇರಲಿಲ್ಲ. 2018ರಲ್ಲಿ ಪ್ರಕಟವಾದ ಡಾನ್ ಮತ್ತು ಡಿಫ್ಯೂಸ್-3 ಅಧ್ಯಯನಗಳು ಚಿತ್ರಣದಿಂದ ಆಯ್ದ ರೋಗಿಗಳಲ್ಲಿ ಕ್ರಮವಾಗಿ 24 ಮತ್ತು 16 ಗಂಟೆಗಳವರೆಗೂ ಹೆಪ್ಪನ್ನು ನಾಳದ ಮೂಲಕ ಹೊರತೆಗೆಯುವುದು ಫಲಕಾರಿಯೆಂದು ತೋರಿಸಿದವು. ಹಾಗೆಂದು ಬಣ್ಣದ ನಕ್ಷೆಯೇ ಅಂತಿಮ ತೀರ್ಪಲ್ಲ. ತೀರ ಬೇಗ ಬಂದ ರೋಗಿಯಲ್ಲಿ ಅದು ಸತ್ತಿದೆಯೆಂದು ತೋರಿಸಿದ ಭಾಗ ರಕ್ತ ಮರಳಿದ ಮೇಲೆ ಉಳಿದದ್ದುಂಟು. ದೊಡ್ಡ ತಿರುಳಿರುವ ರೋಗಿಗಳಿಗೂ ಹೆಪ್ಪು ತೆಗೆಯುವುದರಿಂದ ಲಾಭವಿದೆಯೆಂದು 2022 ಮತ್ತು 2023ರಲ್ಲಿ ಜಪಾನ್, ಚೀನಾ ಮೊದಲಾದೆಡೆ ನಡೆದ ಅಧ್ಯಯನಗಳು ತಿಳಿಸಿದ ಮೇಲೆ, ಚಿಕಿತ್ಸೆಯಿಂದ ಯಾರನ್ನು ಹೊರಗಿಡಬೇಕೆಂಬ ಗೆರೆಯನ್ನು ವೈದ್ಯರು ಮತ್ತೊಮ್ಮೆ ಎಳೆಯಬೇಕಾಗಿ ಬಂದಿದೆ.